ಗುಲುವಿಗೆ ಹೊರಡುವ ಮುನ್ನ ಒಂದು ಲೆಕ್ಕ

ವಾರಕ್ಕೆ ಸುಮಾರು 1,000 ಹೆಚ್ಚುವರಿ ಸಾವು. 2005ರಲ್ಲಿ ಉತ್ತರ ಉಗಾಂಡಾದ ಅಚೋಲಿ ಪ್ರದೇಶದಲ್ಲಿ ನಡೆದ ಆರೋಗ್ಯ ಸಮೀಕ್ಷೆ ಕೊಟ್ಟ ಅಂಕಿ ಇದು. ಗುಂಡೇಟಿಗಿಂತ ಮಲೇರಿಯಾ ಮತ್ತು ಏಡ್ಸ್‌ಗೆ ಬಲಿಯಾದವರೇ ಹೆಚ್ಚು. ಜೋಸೆಫ್ ಕೋನಿಯ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆಗೂ ಸರ್ಕಾರಿ ಸೇನೆಗೂ ನಡೆದ ಕಾದಾಟದಲ್ಲಿ ಆ ಹೊತ್ತಿಗೆ ಸುಮಾರು 18 ಲಕ್ಷ ಜನ ಮನೆ ಬಿಟ್ಟು ಶಿಬಿರ ಸೇರಿದ್ದರು. 2006ರ ಆಗಸ್ಟ್‌ನಲ್ಲಿ ಕದನವಿರಾಮವಾಯಿತು. ಜನ ಊರಿಗೆ ಮರಳಿದಾಗ ಹೊಲದಲ್ಲಿ ಕಾಡು ಬೆಳೆದಿತ್ತು, ಕೊಟ್ಟಿಗೆಯಲ್ಲಿ ದನಗಳಿರಲಿಲ್ಲ.

ಅಂದಿನಿಂದ ಅಚೋಲಿಯ ಗುಲು, ಕಿಟ್ಗುಮ್ ಜಿಲ್ಲೆಗಳ ಕಡೆ ಸೇವಾ ಸಂಸ್ಥೆಗಳ ಕೆಲಸ ನಡೆದಿದೆ. ಅವನ್ನು ಕಣ್ಣಾರೆ ನೋಡಿ ಬರಬೇಕು, ಕೈಲಾದದ್ದು ಮಾಡಬೇಕು ಎಂಬ ಆಸೆ ಒಳ್ಳೆಯದೇ. ಆದರೆ ಹೊರಡುವ ಮುನ್ನ ಖರ್ಚಿನ ಲೆಕ್ಕ ಹಾಕಬೇಕು. ಉಗಾಂಡಾ ವೀಸಾಕ್ಕೆ 50 ಡಾಲರ್. ಡಾಲರ್‌ಗೆ 85 ರೂಪಾಯಿಯಂತೆ ಹಿಡಿದರೆ 4,250 ರೂಪಾಯಿ. ಅಲ್ಲಿನ ಎಂಟೆಬೆ ವಿಮಾನ ನಿಲ್ದಾಣಕ್ಕೆ ಹೋಗಿಬರುವ ಟಿಕೆಟ್ 50,000, ಅಲ್ಲಿಂದ ಗುಲುವಿಗೆ ಬಸ್ಸು, ಒಂದು ವಾರದ ವಸತಿ, ಊಟಕ್ಕೆ 30,000 ಎಂದಿಟ್ಟುಕೊಳ್ಳೋಣ. ಒಟ್ಟು 84,250 ರೂಪಾಯಿ.

ಈ ಮೊತ್ತವನ್ನು ಇನ್ನೊಂದು ಮೊತ್ತದ ಪಕ್ಕ ಇಟ್ಟು ನೋಡಿ. ಇಟಲಿಯ ಅವ್ಸಿ ಸಂಸ್ಥೆ ಇದೇ ಜಿಲ್ಲೆಗಳ 120 ಹಳ್ಳಿಗಳಲ್ಲಿ 1,800 ಕಡುಬಡವರನ್ನು ಆರಿಸಿತು. ನೂರಕ್ಕೆ 86 ಮಂದಿ ಹೆಂಗಸರು. ತಲಾ 150 ಡಾಲರ್ ನಗದು, ಐದು ದಿನ ವ್ಯಾಪಾರದ ತರಬೇತಿ, ಆಮೇಲೆ ಆಗಾಗ ಸಿಬ್ಬಂದಿಯ ಭೇಟಿ. ಸಂಶೋಧಕ ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಸಂಗಡಿಗರು ಇದರ ಫಲವನ್ನು ಅಳೆದರು. ಹಣ ಕೈ ಸೇರಿದ 16 ತಿಂಗಳಿಗೆ ಸಣ್ಣ ವ್ಯಾಪಾರ ಇಟ್ಟುಕೊಂಡವರ ಸಂಖ್ಯೆಯೂ ವರಮಾನವೂ ಇಮ್ಮಡಿಯಾಗಿದ್ದವು. 150 ಡಾಲರ್ ಎಂದರೆ ನಮ್ಮ ಲೆಕ್ಕದಲ್ಲಿ 12,750 ರೂಪಾಯಿ. ಒಬ್ಬರ ಒಂದು ವಾರದ ಪ್ರವಾಸದ ಖರ್ಚಿನಲ್ಲಿ ಆರು ಹೆಂಗಸರ ಬಂಡವಾಳ ಹುಟ್ಟುತ್ತದೆ, ಮೇಲೆ 7,750 ರೂಪಾಯಿ ಉಳಿಯುತ್ತದೆ.

ಇದು ಬರೀ ಬಂಡವಾಳದ ಲೆಕ್ಕ. ತಲುಪಿಸುವ ಖರ್ಚು ಬೇರೆಯೇ ಇದೆ, ನನ್ನ ಮಟ್ಟಿಗೆ ಈ ಅಧ್ಯಯನದ ಮುಖ್ಯ ಅಂಕಿ ಅದೇ. ಮನೆಮನೆಗೆ ಹೋಗಿ ವಿಚಾರಿಸುವ ಮೇಲ್ವಿಚಾರಣೆಗೇ ಯೋಜನೆಯ ವೆಚ್ಚದ ಅರ್ಧ ಹೋಗುತ್ತಿತ್ತು. ಆ ಭೇಟಿಗಳಿಂದ ವ್ಯಾಪಾರಗಳು ಉಳಿದುಕೊಂಡದ್ದು ಹೆಚ್ಚಿತು. ಆದರೆ ಒಂದು ವರ್ಷದ ನಂತರ ನೋಡಿದಾಗ ಮನೆಯ ಖರ್ಚುವೆಚ್ಚದ ಮಟ್ಟ ಅದರಿಂದ ಏರಿರಲಿಲ್ಲ. ಹೊರಗಿನವರ ಭೇಟಿ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಗ್ಗದ ಮೇಲ್ವಿಚಾರಣೆಯೂ ಉಂಟು, ಅದು ಹಳ್ಳಿಯವರೇ ನಡೆಸುವಂಥದ್ದು. ನಮ್ಮ ಸ್ತ್ರೀಶಕ್ತಿ ಸಂಘಗಳನ್ನು ಕಂಡವರಿಗೆ ಉಳಿತಾಯ ಗುಂಪಿನ ವಿಚಾರ ಹೊಸದಲ್ಲ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಸಂಸ್ಥೆ ಆರಂಭಿಸಿದ ಹಳ್ಳಿ ಉಳಿತಾಯ ಗುಂಪಿನ ಪದ್ಧತಿ ಉಗಾಂಡಾದಲ್ಲೂ ಬೇರೂರಿದೆ. ಗುಂಪಿಗೊಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಮೂರು ಕೀಲಿ ಮೂವರ ಬಳಿ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ವಾರದ ಸಭೆಯಲ್ಲಿ ಎಲ್ಲರ ಎದುರೇ ಬೀಗ ತೆಗೆದು ಹಣ ಎಣಿಸುತ್ತಾರೆ. ಒಬ್ಬರು ಒಂದು ಸಭೆಯಲ್ಲಿ ಒಂದರಿಂದ ಐದು ಪಾಲು ಕೊಳ್ಳಬಹುದು. ಪಾಲಿಗೊಂದರಂತೆ ಪಾಸ್‌ಬುಕ್ಕಿನಲ್ಲಿ ಮುದ್ರೆ ಬೀಳುತ್ತದೆ, ಓದಲು ಬಾರದವರೂ ಎಣಿಸಿಕೊಳ್ಳಬಹುದು. ವರ್ಷದ ಕೊನೆಗೆ ಅಸಲು, ಬಡ್ಡಿ ಎಲ್ಲವನ್ನೂ ಪಾಲಿನಂತೆ ಹಂಚಿಕೊಳ್ಳುತ್ತಾರೆ. ಸಂಸ್ಥೆಯೊಂದನ್ನು ನೋಡಲು ಹೋದವರು ಕಚೇರಿಯ ಫಲಕ, ಫೋಟೊಗಳನ್ನು ಬಿಟ್ಟು ಗುಂಪಿನವರ ಒಪ್ಪಿಗೆ ಪಡೆದು ಈ ಪಾಸ್‌ಬುಕ್ ನೋಡಬೇಕು.

ಹಣ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳುತ್ತಿಲ್ಲ. ಉಗಾಂಡಾ ಸರ್ಕಾರ 2008ರಲ್ಲಿ ಉತ್ತರದ ಯುವಕ ಯುವತಿಯರ ಗುಂಪುಗಳಿಗೆ ಸದಸ್ಯರೊಬ್ಬರಿಗೆ ಸರಾಸರಿ 382 ಡಾಲರ್‌ನಂತೆ ಕೊಟ್ಟಿತು. ಅವರು ಹೊಲಿಗೆ, ಮರಗೆಲಸದಂಥ ಕಸುಬು ಕಲಿತರು, ಉಪಕರಣ ಕೊಂಡರು. ನಾಲ್ಕು ವರ್ಷಕ್ಕೆ ಅವರ ಗಳಿಕೆ, ಹಣ ಸಿಗದವರ ಗಳಿಕೆಗಿಂತ ಶೇ. 38ರಷ್ಟು ಹೆಚ್ಚಿತ್ತು, ಕಸುಬಿನ ಆಸ್ತಿ ಶೇ. 57ರಷ್ಟು. ಒಂಬತ್ತು ವರ್ಷಕ್ಕೆ ನೋಡಿದರೆ ಹಣ ಸಿಗದವರೂ ದುಡಿದು ಗಳಿಕೆಯಲ್ಲಿ ಸಮಕ್ಕೆ ಬಂದಿದ್ದರು. ಒಮ್ಮೆ ಕೊಟ್ಟ ನೆರವು ಏಳುವುದನ್ನು ಬೇಗ ಮಾಡಿಸುತ್ತದೆ. ಕಷ್ಟದ ಆ ಕೆಲವು ವರ್ಷಗಳ ಬೆಲೆ ದೊಡ್ಡದೇ.

ಯುದ್ಧದಲ್ಲಿ ಈ ಜನ ಕಳೆದುಕೊಂಡದ್ದಕ್ಕೆ ಕೋರ್ಟು ಕಟ್ಟಿದ ಬೆಲೆಯೂ ಇದೆ. ಕೋನಿಯ ದಂಡನಾಯಕರಲ್ಲಿ ಒಬ್ಬನಾದ ಡಾಮಿನಿಕ್ ಒಂಗ್ವೆನ್‌ಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2021ರಲ್ಲಿ 25 ವರ್ಷ ಶಿಕ್ಷೆ ವಿಧಿಸಿತು. 2024ರ ಫೆಬ್ರವರಿಯಲ್ಲಿ 49,772 ಸಂತ್ರಸ್ತರಿಗೆ ತಲಾ 750 ಯೂರೊ ಸಾಂಕೇತಿಕ ಪರಿಹಾರ ಘೋಷಿಸಿತು. ಸಾಮೂಹಿಕ ಪುನರ್ವಸತಿಯೂ ಸೇರಿ ಒಟ್ಟು ಸುಮಾರು 5.24 ಕೋಟಿ ಯೂರೊ. ಒಂಗ್ವೆನ್ ಬಳಿ ಹಣವಿಲ್ಲ, ಹಾಗಾಗಿ ನ್ಯಾಯಾಲಯದ ಸಂತ್ರಸ್ತರ ನಿಧಿ ದಾನಿಗಳಿಂದ ಅದನ್ನು ಕೂಡಿಸಬೇಕು.

ಹಾಗಾದರೆ ಯಾರೂ ಹೋಗುವುದೇ ಬೇಡವೇ? ಕೈಯಲ್ಲಿ ವಿದ್ಯೆಯಿದ್ದು, ಉಳಿಯಲು ಸಿದ್ಧರಿರುವವರು ಹೋಗಬೇಕು. ಗುಲು ಬಳಿಯ ಲಾಕೋರ್ ಆಸ್ಪತ್ರೆಗೆ 1961ರಲ್ಲಿ ಬಂದ ವೈದ್ಯ ದಂಪತಿ ಪಿಯೆರೊ ಮತ್ತು ಲೂಸಿಲ್ ಕೋರ್ತಿ ಜೀವಮಾನವನ್ನೇ ಅಲ್ಲಿ ತೇದರು. ಯುದ್ಧದ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಎಚ್‌ಐವಿ ತಗುಲಿ ಲೂಸಿಲ್ 1996ರಲ್ಲಿ ತೀರಿಕೊಂಡರು. ಆಸ್ಪತ್ರೆಯ ಹೊಣೆ ಹೊತ್ತಿದ್ದ ಸ್ಥಳೀಯ ವೈದ್ಯ ಮ್ಯಾಥ್ಯೂ ಲುಕ್ವಿಯಾ, 2000ದ ಡಿಸೆಂಬರ್‌ನಲ್ಲಿ ಎಬೋಲಾ ರೋಗಿಗಳ ಆರೈಕೆ ಮಾಡುತ್ತಲೇ ಅದೇ ಕಾಯಿಲೆಗೆ ಪ್ರಾಣ ಕೊಟ್ಟರು.

ವಾರದ ಮಟ್ಟಿಗೆ ಹೋಗಿಬರುವ ಯೋಚನೆ ಇರುವವರಲ್ಲಿ ನನ್ನದೊಂದು ವಿನಂತಿ. ನೆರವು ಕೊಡಲಿರುವ ಸಂಸ್ಥೆಗೆ ಮೊದಲು ಪತ್ರ ಬರೆಯಿರಿ. ನೂರು ರೂಪಾಯಿಯಲ್ಲಿ ಹಳ್ಳಿಯವರ ಕೈಗೆ ಎಷ್ಟು, ಸಿಬ್ಬಂದಿಯ ಓಡಾಟಕ್ಕೆ ಎಷ್ಟು ಎಂದು ಕೇಳಿ. ಉತ್ತರ ಸ್ಪಷ್ಟವಾಗಿ ಬಂದರೆ ಟಿಕೆಟ್ಟಿನ ಹಣವನ್ನೂ ಅಲ್ಲಿಗೇ ಕಳುಹಿಸಿ.