ವಿಯೆನ್ನಾದ ಸಾರ್ವಜನಿಕ ವಸತಿ

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ನಗರಾಡಳಿತವು ಸ್ವತಃ ಕಟ್ಟಿಸಿ ಬಾಡಿಗೆಗೆ ನೀಡಿರುವ ಮನೆಗಳನ್ನೂ, ಅದರ ನೆರವಿನಿಂದ ಸೀಮಿತ ಲಾಭದ ವಸತಿ ಸಂಘಗಳು ನಿರ್ಮಿಸಿರುವ ಮನೆಗಳನ್ನೂ ಒಟ್ಟಾಗಿ ವಿಯೆನ್ನಾದ ಸಾರ್ವಜನಿಕ ವಸತಿ ಎನ್ನಬಹುದು. ನಗರದ ಒಡೆತನದಲ್ಲಿರುವ ಮನೆಗಳೇ ಸುಮಾರು 2,20,000. ಎರಡೂ ಬಗೆಯ ಮನೆಗಳನ್ನು ಸೇರಿಸಿದರೆ ನಗರದ ಸುಮಾರು ಅರ್ಧದಷ್ಟು ನಿವಾಸಿಗಳು ಇವುಗಳಲ್ಲಿ ವಾಸಿಸುತ್ತಾರೆ. ಈ ವ್ಯವಸ್ಥೆಯ ಬುನಾದಿ ಬಿದ್ದದ್ದು 1919ರಿಂದ 1934ರವರೆಗಿನ, 'ಕೆಂಪು ವಿಯೆನ್ನಾ' ಎಂದು ಹೆಸರಾದ ಅವಧಿಯಲ್ಲಿ. ಕೈಗೆಟುಕುವ ಬಾಡಿಗೆ, ಅಗ್ಗದ ಸಾರಿಗೆ ಮತ್ತು ದುಡಿಯುವವರಿಗೆ ಕೆಲಸ ಎಂಬ ಮೂರು ಬೇಡಿಕೆಗಳನ್ನು ಬೇರೆ ಬೇರೆಯಾಗಿ ನೋಡದೆ ಒಂದೇ ಪ್ರಶ್ನೆಯ ಮೂರು ಮುಖಗಳೆಂದು ಕಂಡದ್ದು ಈ ನಗರದ ವಿಶೇಷ.

ಹಿನ್ನೆಲೆ

ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ವಿಯೆನ್ನಾದ ಜನಸಂಖ್ಯೆ 20 ಲಕ್ಷವನ್ನು ದಾಟಿತ್ತು. ಸಾಮ್ರಾಜ್ಯದ ನಾನಾ ಭಾಗಗಳಿಂದ ಕೆಲಸ ಅರಸಿ ಬಂದವರು ಕತ್ತಲೆ ತುಂಬಿದ ಬಹುಮಹಡಿ ಕಟ್ಟಡಗಳಲ್ಲಿ ಕಿಕ್ಕಿರಿದು ಬದುಕುತ್ತಿದ್ದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮನೆಗಳ ಒಳಗೆ ನೀರಿನ ನಲ್ಲಿಯಾಗಲಿ ಶೌಚಾಲಯವಾಗಲಿ ಇರಲಿಲ್ಲ. ಪ್ರತಿ ಮಹಡಿಯ ಓಣಿಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಅದನ್ನು 'ಬಸ್ಸೇನಾ' ಎನ್ನುತ್ತಿದ್ದರು. ಬಾಡಿಗೆಯ ಹೊರೆ ತಾಳಲಾರದ ಕುಟುಂಬಗಳು ತಮ್ಮ ಮನೆಯ ಹಾಸಿಗೆಯನ್ನೇ ಹೊರಗಿನವರಿಗೆ ಕೆಲವು ಗಂಟೆಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದುದೂ ಉಂಟು. ರಾತ್ರಿ ಪಾಳಿಯ ಕಾರ್ಮಿಕ ಹಗಲಿನಲ್ಲಿ ಬಂದು ಮಲಗುತ್ತಿದ್ದ, ಹಗಲಿನ ಕಾರ್ಮಿಕ ರಾತ್ರಿ. ಕ್ಷಯರೋಗವು ಎಷ್ಟು ವ್ಯಾಪಕವಾಗಿತ್ತೆಂದರೆ ಅದಕ್ಕೆ 'ವಿಯೆನ್ನಾ ರೋಗ' ಎಂಬ ಅಡ್ಡಹೆಸರೇ ಬಿದ್ದಿತ್ತು.

ಯುದ್ಧಕಾಲದಲ್ಲಿ, 1917ರಲ್ಲಿ, ಬಾಡಿಗೆದಾರರನ್ನು ರಕ್ಷಿಸುವ ಆಜ್ಞೆ ಹೊರಟಿತು. 1922ರ ಬಾಡಿಗೆ ಕಾಯಿದೆ ಆ ರಕ್ಷಣೆಯನ್ನು ಮುಂದುವರಿಸಿತು. ಹಣದುಬ್ಬರದಲ್ಲಿ ಬಾಡಿಗೆಗಳ ನಿಜಬೆಲೆ ಕರಗಿಹೋದುದರಿಂದ ಖಾಸಗಿಯವರು ಮನೆ ಕಟ್ಟುವುದನ್ನೇ ನಿಲ್ಲಿಸಿದರು, ನಿವೇಶನಗಳ ಬೆಲೆಯೂ ಕುಸಿಯಿತು. ಇದನ್ನು ಬಾಡಿಗೆ ನಿಯಂತ್ರಣದ ವೈಫಲ್ಯವೆಂದು ಹೇಳುವವರಿದ್ದಾರೆ. ಆದರೆ ನಗರಾಡಳಿತವು ಕಡಮೆ ಬೆಲೆಗೆ ಭೂಮಿಯನ್ನು ಕೊಂಡು, ನಗರದ ದೊಡ್ಡ ಭೂಮಾಲೀಕರಲ್ಲಿ ಒಂದಾಗಲು ಸಾಧ್ಯವಾದದ್ದೂ ಇದರಿಂದಲೇ ಎಂಬುದನ್ನು ಮರೆಯುವಂತಿಲ್ಲ.

ನೆಲೆಗಾರರ ಚಳವಳಿ

ಈ ನೀತಿಯು ಮೇಲಿನಿಂದ ಇಳಿದು ಬಂದದ್ದಲ್ಲ. ಯುದ್ಧಾನಂತರದ ಹಸಿವಿನ ದಿನಗಳಲ್ಲಿ ಸಾವಿರಾರು ಕುಟುಂಬಗಳು ನಗರದಂಚಿನ ಬಯಲು ಮತ್ತು ಕಾಡಂಚುಗಳಲ್ಲಿ ತಾವಾಗಿಯೇ ಗುಡಿಸಲು ಹಾಕಿ, ತರಕಾರಿ ಬೆಳೆದು, ಮೊಲ ಆಡು ಸಾಕಿ ನೆಲೆನಿಂತವು. ಬಳಿಕ ಅವರು ಸಹಕಾರ ಸಂಘಗಳಾಗಿ ಒಗ್ಗೂಡಿ, ಭೂಮಿಗೂ ಸಾಲಕ್ಕೂ ಒತ್ತಾಯಿಸಿ 1921ರ ಏಪ್ರಿಲ್‌ನಲ್ಲಿ ನಗರದ ಹೃದಯಭಾಗದ ರಿಂಗ್ ರಸ್ತೆಯಲ್ಲಿ ಬೃಹತ್ ಮೆರವಣಿಗೆ ನಡೆಸಿದರು. ತತ್ತ್ವಜ್ಞಾನಿ ಓಟೋ ನೊಯ್ರಾಟ್ ಈ ಸಂಘಗಳ ಸಂಘಟಕರಾಗಿದ್ದರು. ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ನಗರದ ನೆಲೆ ಕಚೇರಿಯಲ್ಲಿ ಮುಖ್ಯ ವಾಸ್ತುಶಿಲ್ಪಿಯಾದರು. ಮುಂದೆ 'ಫ್ರಾಂಕ್‌ಫರ್ಟ್ ಅಡುಗೆಮನೆ'ಯನ್ನು ರೂಪಿಸಿ ಹೆಸರಾದ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿಯವರೂ ಇಲ್ಲಿ ದುಡಿದವರೇ. ನಗದು ಹಣದ ಬದಲಿಗೆ ಪ್ರತಿ ಕುಟುಂಬವೂ ಸಾವಿರಕ್ಕೂ ಹೆಚ್ಚು ಗಂಟೆಗಳ ಮೈದುಡಿಮೆಯನ್ನು ಸಂಘಕ್ಕೆ ನೀಡುತ್ತಿತ್ತು.

ತೆರಿಗೆ ಮತ್ತು ನಿರ್ಮಾಣ

1919ರ ಮೇ ತಿಂಗಳ ನಗರಸಭೆ ಚುನಾವಣೆಯಲ್ಲಿ ಸಾಮಾಜಿಕ ಪ್ರಜಾಸತ್ತಾವಾದಿ ಪಕ್ಷವು ಬಹುಮತ ಪಡೆದು ಯಾಕೋಬ್ ರಾಯ್ಮನ್ ಮೇಯರ್ ಆದರು; 1923ರಲ್ಲಿ ಕಾರ್ಲ್ ಝೈಟ್ಸ್ ಆ ಸ್ಥಾನಕ್ಕೆ ಬಂದರು. ಆದರೆ ನಿರ್ಣಾಯಕವಾದ ಘಟನೆ ಇವೆರಡರ ನಡುವಿನದು. 1922ರ ಜನವರಿ 1ರಂದು ವಿಯೆನ್ನಾ ಪ್ರತ್ಯೇಕ ಪ್ರಾಂತ್ಯವಾಯಿತು, ಅದರೊಂದಿಗೆ ತನ್ನದೇ ತೆರಿಗೆ ವಿಧಿಸುವ ಅಧಿಕಾರವೂ ಅದಕ್ಕೆ ಬಂದಿತು. ಈ ಅಧಿಕಾರ ಇಲ್ಲದಿದ್ದರೆ ಉಳಿದೆಲ್ಲವೂ ಘೋಷಣೆಯಾಗಿಯೇ ಉಳಿಯುತ್ತಿತ್ತು.

ಹಣಕಾಸಿನ ಹೊಣೆ ಹೊತ್ತ ಹ್ಯೂಗೋ ಬ್ರೈಟ್ನರ್ ಮೂಲತಃ ಬ್ಯಾಂಕ್ ಅಧಿಕಾರಿ. ಮೋಟಾರು ಕಾರು, ಪಂದ್ಯದ ಕುದುರೆ, ಮನೆಗೆಲಸದ ಆಳುಗಳು, ಮನರಂಜನೆ ಮುಂತಾದವುಗಳ ಮೇಲೆ ಅವರು ತೆರಿಗೆ ಹಾಕಿದರು. ಒಬ್ಬಳೇ ಕೆಲಸದಾಕೆಯನ್ನು ಇಟ್ಟುಕೊಂಡವರಿಗೆ ವಿನಾಯಿತಿ ಇತ್ತು; ಆಳುಗಳು ಹೆಚ್ಚಿದಂತೆ ತೆರಿಗೆಯೂ ಏರುತ್ತಿತ್ತು. 1923ರಲ್ಲಿ ಜಾರಿಗೆ ಬಂದ ವಸತಿ ನಿರ್ಮಾಣ ತೆರಿಗೆಯು ಈ ಎಲ್ಲಕ್ಕಿಂತ ಮುಖ್ಯವಾದುದು. ಇದನ್ನು ಎಲ್ಲ ಮನೆ ಮಳಿಗೆಗಳವರೂ ಕೊಡಬೇಕಾಗಿತ್ತು. ಆದರೆ ಕಾರ್ಮಿಕರ ಮನೆಗೆ ಅದು ನಾಮಮಾತ್ರ, ಬಂಗಲೆಗಳಿಗೆ ಭಾರಿ ಮೊತ್ತ. ಅತಿ ದುಬಾರಿಯಾದ ಅರ್ಧ ಪ್ರತಿಶತ ಆಸ್ತಿಗಳಿಂದಲೇ ಒಟ್ಟು ವಸೂಲಿಯ ಸುಮಾರು ಶೇ. 45ರಷ್ಟು ಬರುತ್ತಿತ್ತು. ಹೀಗೆ ಬಂದ ಹಣವನ್ನು ಸಾಲದ ಬಡ್ಡಿಗೆ ಕಟ್ಟದೆ ನೇರವಾಗಿ ಕಟ್ಟಡಕ್ಕೆ ವೆಚ್ಚ ಮಾಡಿದುದರಿಂದ ಬಾಡಿಗೆಯಲ್ಲಿ ನಿರ್ವಹಣೆಯ ಖರ್ಚನ್ನಷ್ಟೇ ವಸೂಲು ಮಾಡಿದರೆ ಸಾಕಾಗುತ್ತಿತ್ತು. ಅದು ಸಾಮಾನ್ಯ ಕಾರ್ಮಿಕನ ಸಂಬಳದ ಶೇ. 4ರ ಆಸುಪಾಸಿನಲ್ಲಿತ್ತು. ಮನೆಗಳು ಯಾವ ತೆರಿಗೆಯಿಂದ, ಯಾವ ವರ್ಷಗಳಲ್ಲಿ ನಿರ್ಮಾಣವಾದವು ಎಂಬುದನ್ನು ಕಟ್ಟಡಗಳ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಲಾಯಿತು. ಆ ಬರಹಗಳನ್ನು ಇಂದಿಗೂ ಕಾಣಬಹುದು.

ಐದು ವರ್ಷಗಳಲ್ಲಿ 25,000 ಮನೆಗಳನ್ನು ಕಟ್ಟುವ ಯೋಜನೆ 1923ರಲ್ಲಿ ಮಂಜೂರಾಯಿತು, ಅವಧಿಗೆ ಮುಂಚೆಯೇ ಮುಗಿಯಿತು. 1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆಗಳು ಎದ್ದಿದ್ದವು. ಯಂತ್ರಗಳಿಂದ ವೇಗವಾಗಿ ಕಟ್ಟುವ ಹೊಸ ವಿಧಾನಗಳು ಆಗಲೇ ಜರ್ಮನಿಯಲ್ಲಿ ಬಳಕೆಗೆ ಬರುತ್ತಿದ್ದರೂ ವಿಯೆನ್ನಾ ಬೇಕೆಂದೇ ಇಟ್ಟಿಗೆಯ ಕಟ್ಟಡವನ್ನು ಆಯ್ದುಕೊಂಡಿತು. ನಿರುದ್ಯೋಗ ತೀವ್ರವಾಗಿದ್ದ ಆ ಕಾಲದಲ್ಲಿ ಗಾರೆಯವರಿಗೆ, ಬಡಗಿಗಳಿಗೆ, ಕಮ್ಮಾರರಿಗೆ ಹೆಚ್ಚು ಕೈಗೆಲಸ ಸಿಗಲಿ ಎಂಬುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು.

ಈ ಕಟ್ಟಡಗಳ ಮಾದರಿಗೆ ಕನ್ನಡದ 'ವಠಾರ' ಎಂಬ ಮಾತು ಸಮೀಪವಾದುದು: ನಡುವೆ ಅಂಗಳ, ಸುತ್ತ ಮನೆಗಳು, ಬಾಗಿಲುಗಳೆಲ್ಲ ಅಂಗಳದ ಕಡೆಗೆ. ಆದರೆ ಇಲ್ಲಿಯ ಅಂಗಳಗಳು ಉದ್ಯಾನದಷ್ಟು ವಿಶಾಲವಾಗಿದ್ದವು, ನೀರೂ ಶೌಚಾಲಯವೂ ಪ್ರತಿ ಮನೆಯ ಒಳಗೇ ಇದ್ದವು. ಒಗೆತದ ಮನೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ, ಚಿಕಿತ್ಸಾಲಯಗಳು ಸಾಮೂಹಿಕವಾಗಿದ್ದವು. ಕಾರ್ಲ್ ಏನ್ ವಿನ್ಯಾಸಗೊಳಿಸಿದ, 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್ ಇವುಗಳಲ್ಲಿ ಅತ್ಯಂತ ಪ್ರಸಿದ್ಧ. ಒಂದು ಕಿಲೋಮೀಟರಿಗಿಂತ ಉದ್ದವಿರುವ ಈ ಕಟ್ಟಡದಲ್ಲಿ 1,382 ಮನೆಗಳಿದ್ದವು. ನಿವೇಶನದ ಐದನೆಯ ಒಂದು ಭಾಗಕ್ಕಿಂತ ಕಡಮೆ ಜಾಗದಲ್ಲಿ ಮಾತ್ರ ಕಟ್ಟಡವಿದೆ.

ಟೀಕೆಗಳೂ ಇದ್ದವು. ಮನೆಗಳು ಚಿಕ್ಕವು; ಮೊದಲ ಯೋಜನೆಯ ಬಹುಪಾಲು ಮನೆಗಳ ವಿಸ್ತೀರ್ಣ 38 ಅಥವಾ 48 ಚದರ ಮೀಟರ್ ಮಾತ್ರ. ವಾಸ್ತುಶಿಲ್ಪಿ ಯೋಸೆಫ್ ಫ್ರಾಂಕ್ ಇವನ್ನು ಜನತೆಯ ಅರಮನೆಗಳೆಂದು ವ್ಯಂಗ್ಯವಾಡಿ, ನೆಲೆಗಾರರ ತೋಟದ ಮನೆಗಳೇ ಲೇಸೆಂದು ವಾದಿಸಿದರು. ವಿರೋಧ ಪಕ್ಷದವರಿಗಂತೂ ಇವು ಕಾರ್ಮಿಕರ ಕೋಟೆಗಳಾಗಿ ಕಂಡವು.

1934 ಮತ್ತು ನಂತರ

1934ರ ಫೆಬ್ರವರಿ 12ರಂದು ಪ್ರಧಾನಿ ಎಂಗೆಲ್ಬರ್ಟ್ ಡೋಲ್‌ಫುಸ್ ಅವರ ಸರ್ವಾಧಿಕಾರಿ ಸರಕಾರಕ್ಕೂ ಕಾರ್ಮಿಕ ದಳಗಳಿಗೂ ಸಶಸ್ತ್ರ ಸಂಘರ್ಷ ಆರಂಭವಾಯಿತು. ಜನರು ವಾಸಿಸುತ್ತಿದ್ದ ಕಾರ್ಲ್ ಮಾರ್ಕ್ಸ್ ಹೋಫ್ ಮೇಲೆ ಸೇನೆ ಫಿರಂಗಿಗಳನ್ನು ಹಾರಿಸಿತು. ಪಕ್ಷವನ್ನು ನಿಷೇಧಿಸಿ, ನಗರಸಭೆಯನ್ನು ವಿಸರ್ಜಿಸಿ, ಮೇಯರ್ ಝೈಟ್ಸ್ ಅವರನ್ನು ಬಂಧಿಸಲಾಯಿತು. 1938ರಲ್ಲಿ ನಾತ್ಸಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದ ಮೇಲೆ ಯೆಹೂದಿ ಬಾಡಿಗೆದಾರರನ್ನು ನಗರದ ಮನೆಗಳಿಂದ ಹೊರಹಾಕಿದರು. ಯೆಹೂದಿ ಕುಟುಂಬದಲ್ಲಿ ಜನಿಸಿದ ಬ್ರೈಟ್ನರ್ ಅಮೆರಿಕಕ್ಕೆ ವಲಸೆ ಹೋಗಿ 1946ರಲ್ಲಿ ಅಲ್ಲಿಯೇ ನಿಧನರಾದರು.

1945ರ ನಂತರ ನಗರವು ಮತ್ತೆ ಮನೆ ಕಟ್ಟಲಾರಂಭಿಸಿತು, ಮುಂದಿನ ದಶಕಗಳಲ್ಲಿ ಕಟ್ಟಿದ್ದನ್ನು ಮಾರಲೂ ಇಲ್ಲ. ಯೂರೋಪಿನ ಅನೇಕ ನಗರಗಳು 1980ರ ನಂತರ ಇಂಥ ಮನೆಗಳನ್ನು ಖಾಸಗಿಯವರಿಗೆ ಒಪ್ಪಿಸಿದಾಗಲೂ ವಿಯೆನ್ನಾ ಹಾಗೆ ಮಾಡಲಿಲ್ಲ. ಇಂದಿನ ಕಡಮೆ ಬಾಡಿಗೆಗೆ ಇದು ಬಹುಮುಖ್ಯ ಕಾರಣ. 1984ರಲ್ಲಿ ಸ್ಥಾಪನೆಯಾದ ನಿಧಿಯೊಂದು ಭೂಮಿಯನ್ನು ಮುಂಚಿತವಾಗಿ ಕೊಂಡಿಡುತ್ತದೆ. ವಸತಿ ನೆರವಿಗಾಗಿ ನೌಕರರಿಂದ ಸಂಬಳದ ಒಂದು ಸಣ್ಣ ಪಾಲು, ಮಾಲೀಕರಿಂದ ಅಷ್ಟೇ ಮೊತ್ತ ಸಂಗ್ರಹವಾಗುತ್ತದೆ.

ಸಾರಿಗೆ

ಟ್ರಾಮ್ ಸೇವೆಯು ನಗರದ ಒಡೆತನಕ್ಕೆ ಬಂದದ್ದು ಕೆಂಪು ವಿಯೆನ್ನಾ ಕಾಲದಲ್ಲಲ್ಲ. ಅದಕ್ಕೆ ಮುಂಚಿನ, ರಾಜಕೀಯವಾಗಿ ವಿರುದ್ಧ ಧ್ರುವದಲ್ಲಿದ್ದ ಮೇಯರ್ ಕಾರ್ಲ್ ಲ್ಯೂಗರ್ ಕಾಲದಲ್ಲಿ. ಓಟೋ ವಾಗ್ನರ್ ನಿಲ್ದಾಣಗಳನ್ನು ರೂಪಿಸಿದ ಹಬೆಯಂತ್ರದ ನಗರ ರೈಲನ್ನು ವಹಿಸಿಕೊಂಡು 1925ರಲ್ಲಿ ವಿದ್ಯುದೀಕರಿಸಿದ್ದು ಮಾತ್ರ ಕೆಂಪು ಆಡಳಿತವೇ. ಆ ಮಾರ್ಗಗಳ ಬಹುಭಾಗ ಇಂದಿನ ಮೆಟ್ರೊದಲ್ಲಿ ಸೇರಿದೆ. 1978ರಲ್ಲಿ ಆರಂಭವಾದ ಮೆಟ್ರೊದ ಮೊದಲ ಮಾರ್ಗದ ಒಂದು ತುದಿ ರಾಯ್ಮನ್ ಹೆಸರಿನ ಚೌಕವೇ ಆಗಿತ್ತು. ಮೆಟ್ರೊ ನಿರ್ಮಾಣಕ್ಕಾಗಿ 1970ರಿಂದ ಉದ್ಯೋಗದಾತರು ಪ್ರತಿ ನೌಕರನ ಲೆಕ್ಕದಲ್ಲಿ ವಾರಕ್ಕೆ ಇಷ್ಟೆಂದು ತೆರಿಗೆ ಕೊಡುತ್ತ ಬಂದಿದ್ದಾರೆ. 2012ರ ಮೇ ತಿಂಗಳಲ್ಲಿ ವಾರ್ಷಿಕ ಪಾಸಿನ ದರವನ್ನು 449 ಯೂರೋಗಳಿಂದ 365ಕ್ಕೆ, ಎಂದರೆ ದಿನಕ್ಕೆ ಒಂದು ಯೂರೋಗೆ, ಇಳಿಸಲಾಯಿತು. ಕೆಲವೇ ವರ್ಷಗಳಲ್ಲಿ ಪಾಸುಗಳ ಸಂಖ್ಯೆ ನಗರದಲ್ಲಿ ನೋಂದಣಿಯಾದ ಕಾರುಗಳ ಸಂಖ್ಯೆಯನ್ನು ಮೀರಿತು. ಆರ್ಥಿಕ ಒತ್ತಡದಿಂದಾಗಿ ಈ ದರವನ್ನು 2026ರಿಂದ ಹೆಚ್ಚಿಸಲು ನಗರಾಡಳಿತ 2025ರಲ್ಲಿ ನಿರ್ಧರಿಸಿತು.

ವಸತಿಯೂ ಸಾರಿಗೆಯೂ ಜೊತೆಯಾಗಿ ಸಾಗಬೇಕೆಂಬ ನೀತಿಗೆ ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ ಎದ್ದಿರುವ ಝೇಸ್ಟಾಟ್ ಆಸ್ಪರ್ನ್ ಬಡಾವಣೆ ಒಳ್ಳೆಯ ನಿದರ್ಶನ. ಮೆಟ್ರೊ ಅಲ್ಲಿಗೆ ಬಂದದ್ದು 2013ರ ಅಕ್ಟೋಬರ್‌ನಲ್ಲಿ. ಬಹುಪಾಲು ನಿವಾಸಿಗಳು ಬರುವುದಕ್ಕೆ ಮುಂಚೆ. ಹೀಗಾಗಿ ಕಾರಿಲ್ಲದೆ ಬದುಕುವ ಅಭ್ಯಾಸ ಮನೆಯ ಬೀಗದಕೈಯ ಜೊತೆಗೇ ದೊರೆಯಿತೆನ್ನಬಹುದು.

ಹಸಿರು ಉದ್ಯೋಗ ಮತ್ತು ಸದ್ಯದ ಸ್ಥಿತಿ

2040ರೊಳಗೆ ಇಂಗಾಲ ಸಮತೋಲನ ಸಾಧಿಸುವುದು ನಗರದ ಗುರಿ. ಇದಕ್ಕಾಗಿ ಲಕ್ಷಾಂತರ ಮನೆಗಳ ಅನಿಲ ಒಲೆಗಳನ್ನು ತೆಗೆದು, ಕೊಳವೆಗಳ ಮೂಲಕ ಬರುವ ಸಾಮೂಹಿಕ ಬಿಸಿನೀರಿನಿಂದ ಅಥವಾ ಶಾಖ ಪಂಪುಗಳಿಂದ ಕೋಣೆಗಳನ್ನು ಬೆಚ್ಚಗಿಡಬೇಕಾಗಿದೆ. ಹಳೆಯ ಗೋಡೆಗಳಿಗೆ ಶಾಖ ಸೋರದ ಹೊದಿಕೆ ಹಾಕುವ, ಕೊಳವೆ ಜೋಡಿಸುವ, ವಿದ್ಯುತ್ ಕೆಲಸ ಮಾಡುವ ನುರಿತ ಕೈಗಳು ಇದಕ್ಕೆ ಬೇಕು. 1920ರ ದಶಕದಲ್ಲಿ ಇಟ್ಟಿಗೆ ಕೊಟ್ಟ ಕೆಲಸವನ್ನು ಈಗ ದುರಸ್ತಿ ಕೊಡಬೇಕಾಗಿದೆ.

ವ್ಯವಸ್ಥೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ನಗರದ ಮನೆ ಬೇಕಾದವರು ಎರಡು ವರ್ಷ ವಿಯೆನ್ನಾದಲ್ಲಿ ನೆಲೆಸಿರಬೇಕು. ಹೊಸದಾಗಿ ಬಂದವರು ಅಲ್ಲಿಯವರೆಗೆ ದುಬಾರಿಯಾದ, ಅಲ್ಪಾವಧಿಯ ಖಾಸಗಿ ಕರಾರುಗಳನ್ನೇ ಅವಲಂಬಿಸಬೇಕಾಗುತ್ತದೆ. ಮನೆ ಪಡೆದ ಮೇಲೆ ಆದಾಯ ಏರಿದರೂ ಖಾಲಿ ಮಾಡಬೇಕಿಲ್ಲ ಎಂಬ ನಿಯಮ ವಿವಾದಕ್ಕೆ ಒಳಗಾಗಿದೆ. ಬಡವರೂ ಮಧ್ಯಮ ವರ್ಗದವರೂ ಒಂದೇ ಕಡೆ ಬಾಳುವುದಕ್ಕೆ ಅದೇ ಕಾರಣವೆಂಬುದು ನಗರದ ಸಮರ್ಥನೆ. ನಗರವು ತಾನೇ ಹೊಸ ಮನೆಗಳನ್ನು ಕಟ್ಟುವುದನ್ನು 2004ರಲ್ಲಿ ನಿಲ್ಲಿಸಿತ್ತು. 2015ರಲ್ಲಿ ಮರುಆರಂಭದ ತೀರ್ಮಾನವಾಗಿ, ಮೊದಲ ಕಟ್ಟಡ 2019ರಲ್ಲಿ ಸಿದ್ಧವಾಯಿತು. ಕಾರ್ಲ್ ಮಾರ್ಕ್ಸ್ ಹೋಫ್‌ನ ಹಳೆಯ ಒಗೆತದ ಮನೆಯೊಂದರಲ್ಲಿ 2010ರಿಂದ ಕೆಂಪು ವಿಯೆನ್ನಾ ಕುರಿತ ವಸ್ತುಸಂಗ್ರಹಾಲಯವಿದೆ. ಅದರ ಸುತ್ತಲಿನ ಮನೆಗಳಲ್ಲಿ ಬಾಡಿಗೆದಾರರು ಇಂದಿಗೂ ವಾಸಿಸುತ್ತಿದ್ದಾರೆ.