ನಿಮಗಿದು ಗೊತ್ತೆ?: ಕುದುರೆ ಮೈದುಂಬಲಿ, ಹಾರಾಟ ಬೇಡ

ಸೊರಗಿದ ಕುದುರೆಗೆ ಓಟ್ಸ್, ಮೆಕ್ಕೆಜೋಳ ಸುರಿದರೆ ಎಷ್ಟೋ ಸಲ ಮೈ ತುಂಬುವ ಮೊದಲೇ ಹಾರಾಟ ಶುರುವಾಗುತ್ತದೆ. ಕಾರಣ ಪಿಷ್ಟ. ಅಷ್ಟು ದೊಡ್ಡ ಪ್ರಾಣಿಯ ಜಠರ ಹಿಡಿಸುವುದು 8ರಿಂದ 15 ಲೀಟರ್ ಮಾತ್ರ. ಒಂದೇ ಹೊತ್ತಿಗೆ ಹೆಚ್ಚು ಕಾಳು ತಿಂದರೆ ಜೀರ್ಣವಾಗದ ಪಿಷ್ಟ ದೊಡ್ಡ ಕರುಳಿಗೆ ಜಾರಿ ಹುಳಿಯುತ್ತದೆ. ಹೊಟ್ಟೆನೋವು, ಗೊರಸಿನ ಉರಿಯೂತದವರೆಗೂ ಹೋಗಬಹುದು. ನಮ್ಮಲ್ಲಿ ಹಿಂದಿನಿಂದ ಕೊಡುವ ಬೇಯಿಸಿದ ಹುರುಳಿಯೂ ಕಾಳೇ, ಅಳತೆ ಮೀರಬಾರದು.

ಮೊದಲು ಬಾಯಿ ನೋಡಿಸಿ. ಕುದುರೆಯ ಹಲ್ಲು ಬೆಳೆಯುತ್ತಾ ಸವೆಯುತ್ತಾ ಇರುವುದರಿಂದ ಮೇಲಿನ ದವಡೆ ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಯನ್ನೂ, ಕೆಳಗಿನದರ ಒಳ ಅಂಚು ನಾಲಿಗೆಯನ್ನೂ ಕೊಯ್ಯುತ್ತದೆ. ಅರೆಬರೆ ಅಗಿದ ಹುಲ್ಲಿನ ಉಂಡೆಗಳು ಲಾಯದ ನೆಲದಲ್ಲಿ ಬಿದ್ದಿದ್ದರೆ ದುಬಾರಿ ಮೇವು ಬೇಕಿಲ್ಲ, ವೈದ್ಯರ ಅರ ಸಾಕು. ಜಂತುಹುಳುವಿನ ತಪಾಸಣೆಯೂ ಆಗಲಿ.

ಆಮೇಲೆ ನಾರು: ಒಳ್ಳೆಯ ಒಣಹುಲ್ಲು ಸದಾ ಮುಂದಿರಲಿ, ಜೊತೆಗೆ ಕುದುರೆಮಸಾಲೆ ಸೊಪ್ಪು. ಕರುಳಿನ ಸೂಕ್ಷ್ಮಜೀವಿಗಳು ಇದನ್ನು ಹುದುಗಿಸಿ ನಿಧಾನವಾಗಿ ಶಕ್ತಿ ಒದಗಿಸುತ್ತವೆ. ಇನ್ನೂ ಸಾಲದಿದ್ದರೆ ಅಡುಗೆ ಎಣ್ಣೆ! ತೂಕಕ್ಕೆ ತೂಕ ಕಾಳಿನ ಎರಡು ಪಟ್ಟಿಗೂ ಮಿಕ್ಕಿದ ಶಕ್ತಿ, ಪಿಷ್ಟ ಮಾತ್ರ ಇಲ್ಲವೇ ಇಲ್ಲ. ಕುದುರೆಗೆ ಪಿತ್ತಕೋಶವಿಲ್ಲ, ಆದರೂ ಪಿತ್ತರಸ ಸದಾ ಹರಿಯುವುದರಿಂದ ಎಣ್ಣೆ ಅರಗುತ್ತದೆ. ಒಂದೆರಡು ಚಮಚದಿಂದ ಆರಂಭಿಸಿ ಎರಡು–ಮೂರು ವಾರದಲ್ಲಿ ಏರಿಸಬೇಕು, ಅವಸರಪಟ್ಟರೆ ಭೇದಿ.

ಮೈ ತುಂಬಿತೇ ಎಂದು ತಿಳಿಯುವುದು ಹೇಗೆ? ಅಮೆರಿಕದ ಡಾನ್ ಹೆನ್ನೆಕೆ ತಂಡ 1983ರಲ್ಲಿ ಪ್ರಕಟಿಸಿದ 1ರಿಂದ 9ರ ಮೈಕಟ್ಟಿನ ಅಳತೆಯಲ್ಲಿ 5 ಎಂದರೆ ಪಕ್ಕೆಲುಬು ಕಣ್ಣಿಗೆ ಕಾಣದು, ಕೈಗೆ ಸುಲಭವಾಗಿ ಸಿಗುತ್ತದೆ.