ತಣ್ಣೀರಿನ ಮೊದಲ ಪೆಟ್ಟು

1912ನೆಯ ಇಸವಿ ಏಪ್ರಿಲ್ 15ರ ಬೆಳಗಿನ ಜಾವ, ಅಟ್ಲಾಂಟಿಕ್ ಸಾಗರದಲ್ಲಿ ‘ಟೈಟಾನಿಕ್’ ಹಡಗು ಮುಳುಗಿ ಸುಮಾರು 1,500 ಮಂದಿ ಅಸುನೀಗಿದರು. ಅವರಲ್ಲಿ ಅನೇಕರು ಲೈಫ್ ಬೆಲ್ಟ್ ತೊಟ್ಟು ತೇಲುತ್ತಲೇ ಇದ್ದರು, ಕಡಲೂ ಶಾಂತವಾಗಿತ್ತು. ಅವರನ್ನು ಕೊಂದದ್ದು ಅಲೆಯಲ್ಲ, ಸೊನ್ನೆ ಡಿಗ್ರಿಗಿಂತ ಕೆಳಗಿಳಿದಿದ್ದ ನೀರಿನ ಶೈತ್ಯ.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಹೀರುತ್ತದೆ. ಆದರೂ ಅದರ ಮೊದಲ ಪೆಟ್ಟು ಬೀಳುವುದು ಶಾಖದ ಮೇಲಲ್ಲ, ಉಸಿರಿನ ಮೇಲೆ. ಮಾಗಿಯ ಮುಂಜಾನೆ ತಲೆಯ ಮೇಲೆ ಒಂದು ಚೊಂಬು ತಣ್ಣೀರು ಸುರಿದುಕೊಂಡಾಗ ‘ಹಾ!’ ಎಂದು ಬಾಯಿ ತೆರೆದು ಉಸಿರೆಳೆಯದವರುಂಟೆ? ಹಿಮದಂಥ ನೀರಿಗೆ ಬಿದ್ದವನಲ್ಲಿ ಈ ಕ್ರಿಯೆ ಹಲವು ಪಟ್ಟು ಪ್ರಬಲ. ಏದುಸಿರು ಹತ್ತುತ್ತದೆ, ಹೃದಯದ ಬಡಿತವೂ ರಕ್ತದ ಒತ್ತಡವೂ ಏರುತ್ತವೆ. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಗಟ್ಟಿಗ ಈಜುಗಾರನೂ ಮುಳುಗಬಲ್ಲ.

ಎರಡನೆಯ ಪೆಟ್ಟು ಕೈಕಾಲುಗಳಿಗೆ. ಮುತ್ತಿಗೆಗೊಳಗಾದ ದೊರೆ ಹೊರಕೋಟೆಯನ್ನು ಬಿಟ್ಟು ಅರಮನೆಯನ್ನು ಕಾಯುವಂತೆ, ಶರೀರವು ರಕ್ತವನ್ನು ಒಳಕ್ಕೆ ಸೆಳೆದು ಹೃದಯ, ಮಿದುಳುಗಳನ್ನು ಕಾಯುತ್ತದೆ. ಬೆರಳುಗಳು ಹಗ್ಗ ಹಿಡಿಯಲಾರದೆ ಸೋಲುತ್ತವೆ. ಒಳಮೈಯ ಶಾಖ 35 ಡಿಗ್ರಿಗಿಂತ ಇಳಿದು, ಎಚ್ಚರ ತಪ್ಪುವುದು ಆಮೇಲಿನ ಮಾತು. ಕೆನಡಾದ ವಿಜ್ಞಾನಿ ಗೋರ್ಡನ್ ಗೀಸ್‌ಬ್ರೆಕ್ಟ್ ಇದನ್ನು ಮೂರು ಅಂಕಿಗಳಲ್ಲಿ ಹೇಳುತ್ತಾರೆ: ಉಸಿರು ಹಿಡಿತಕ್ಕೆ ಬರಲು 1 ನಿಮಿಷ, ಕೈಕಾಲು ಆಡುವುದು 10 ನಿಮಿಷ, ಎಚ್ಚರವಿರುವುದು 1 ಗಂಟೆ.

ಈ ಲೆಕ್ಕವನ್ನು ಮೀರಿದವರೂ ಇದ್ದಾರೆ. 1984ರ ಮಾರ್ಚ್ ತಿಂಗಳ ಒಂದು ರಾತ್ರಿ ಐಸ್‌ಲೆಂಡಿನ ಬಳಿ ಮೀನುದೋಣಿಯೊಂದು ಮಗುಚಿತು. ಅದರಲ್ಲಿದ್ದ ಐವರಲ್ಲಿ ಗುಡ್ಲೌಗುರ್ ಫ್ರಿಡ್‌ಥೋರ್ಸನ್ ಒಬ್ಬನೇ, 5-6 ಡಿಗ್ರಿಯ ನೀರಿನಲ್ಲಿ ಐದಾರು ಗಂಟೆ ಈಜಿ ದಡ ಸೇರಿದ. ಅವನ ಚರ್ಮದಡಿಯ ಕೊಬ್ಬು ಅಸಾಧಾರಣವಾಗಿ ದಪ್ಪವಾಗಿತ್ತೆಂದು ವೈದ್ಯರು ಕಂಡುಕೊಂಡರು.

ಅಂಥ ಕವಚ ನಮಗೆಲ್ಲಿ? ನಮಗಿರುವುದು ವಿವೇಕವೊಂದೇ. ತಣ್ಣೀರಿಗೆ ಬಿದ್ದವರು ಒಡನೆಯೇ ಕೈಕಾಲು ಬಡಿಯದೆ, ಅಂಗಾತ ತೇಲುತ್ತ, ಬಾಯಿ ಮೂಗುಗಳನ್ನು ಮೇಲಿಟ್ಟುಕೊಂಡು ಉಸಿರು ಹತೋಟಿಗೆ ಬರುವವರೆಗೆ ಕಾಯಬೇಕು. ಈಜಾಗಲಿ ಕೂಗಾಗಲಿ ಅನಂತರ. ಗಂಗೋತ್ರಿಗೆ ಯಾತ್ರೆ ಹೊರಡುವ ನಮ್ಮ ಮನೆಯ ಹಿರಿಯರಿಗೂ ಈ ಮಾತು ಸಲ್ಲುತ್ತದೆ. ಹಿಮಗಡ್ಡೆ ಕರಗಿ ಹರಿಯುವ ಆ ಹೊಳೆಗೆ ಥಟ್ಟನೆ ಮುಳುಗು ಹಾಕಬಾರದು. ಮೊದಲು ಕಾಲು, ಬಳಿಕ ಕೈ, ಮುಖ ತೋಯಿಸಿಕೊಂಡು ಮೆಲ್ಲಗಿಳಿಯಬೇಕು. ಹೃದ್ರೋಗವುಳ್ಳವರು ತಲೆಗೆ ನೀರು ಪ್ರೋಕ್ಷಿಸಿಕೊಂಡರೆ ಸಾಕು. ಅದರಿಂದ ಪುಣ್ಯವೇನೂ ಕಡಿಮೆಯಾಗದು.